ಸಹಾಯ ಬೇಕು: 13ರ ಹಾಕಿ ಹುಡುಗನನ್ನು ಯಾವ ಟೀಮಲ್ಲಿ ಆಡಿಸುದು?

ಉಡುಪಿಯ ಹುಡುಗ, 13 ವರ್ಷ, ಮಿಡ್‌ಫೀಲ್ಡ್. 14ರ ಒಳಗಿನವರ ಜೊತೆ ಆಡ್ಲಿಕ್ಕೆ ಬಿಟ್ಟರೆ ಇಡೀ ಮ್ಯಾಚ್ ಬಾಲ್ ಇವನ ಹತ್ತಿರವೇ. ಪಾಸ್ ಕೊಡದೆಯೇ ಗೋಲಾಗುವಾಗ ಯಾಕೆ ಕೊಡ್ತಾನೆ ಮಾರಾಯ್ರೆ?

17ರ ಒಳಗಿನವರ ಜೊತೆ ನಾಲ್ಕು ಪ್ರಾಕ್ಟೀಸ್ ಮ್ಯಾಚಲ್ಲಿ 15 ನಿಮಿಷದಂತೆ ಇಳಿಸಿ ನೋಡಿಯಾಯ್ತು. ಸ್ಟಾಪಿಂಗ್ ಚೆನ್ನಾಗುಂಟು. ಆದರೆ ಬಾಲ್ ನಿಂತ ಮೇಲೆಯೇ ತಲೆ ಎತ್ತುದು, ಅಷ್ಟರಲ್ಲಿ ಟ್ಯಾಕಲ್ ಆಗಿರ್ತದೆ. ರಿವರ್ಸ್ ಬದಿಗೆ, ಅಂದರೆ ಸ್ಟಿಕ್ ತಿರುಗಿಸಿ ಆಡ್ಬೇಕಾದ ಎಡಬದಿಗೆ, ಒತ್ತಿದರಂತೂ ಮುಗೀತು. ಸ್ಟಿಕ್ ಉದ್ದವಾಯ್ತೇನೋ ಅಂತ 36.5 ಇಂಚಿಂದ 35ಕ್ಕೆ ಇಳಿಸಿದ್ದೂ ಆಯ್ತು. ಸೊಂಟ ಬಗ್ಗಿತು, ಅಷ್ಟೇ.

ಗೊಂದಲ ಇರುದು ಇಲ್ಲಿ. ನಮ್ಮದು ಕೆಂಪು ಮಣ್ಣಿನ ಗ್ರೌಂಡ್. ಬಾಲ್ ಕೊನೆಯ ಒಂದು ಅಡಿಯಲ್ಲಿ ಪುಟಿಯುತ್ತದೆ, ಹಾಗಾಗಿ ಕಣ್ಣು ತೆಗೆಯಲಿಕ್ಕೆ ಆಗುದಿಲ್ಲ. ಟರ್ಫಲ್ಲಿ (ಸಿಂಥೆಟಿಕ್ ಹುಲ್ಲಿನ ಗ್ರೌಂಡಲ್ಲಿ) ಬಾಲ್ ಸಪಾಟು ಬರ್ತದೆ, ಮೊದಲೇ ಅತ್ತಿತ್ತ ನೋಡ್ಬಹುದು. ಹಾಗಾದರೆ ತಲೆ ಎತ್ತದ್ದು ಗ್ರೌಂಡಿನ ದೋಷವಾ, ಲೆವೆಲ್ ಜಾಸ್ತಿಯಾದದ್ದಾ?

ಮಣ್ಣಿನಲ್ಲೂ ಟರ್ಫಲ್ಲೂ ಮಕ್ಕಳನ್ನು ತಯಾರು ಮಾಡಿದವರು ಹೇಳಿ: ಈ ಸೀಸನ್ 14ರಲ್ಲೇ ಇಟ್ಟು ಎರಡೇ ಟಚ್ಚಲ್ಲಿ ಬಾಲ್ ಬಿಡಬೇಕು ಅಂತ ಕಟ್ಟು ಹಾಕುದಾ, ಅಥವಾ 17ರಲ್ಲಿ ಬೆಂಚಿಂದ 15 ನಿಮಿಷವೇ ಸಾಕಾ?