ಅಪ್‌ಡೇಟ್: ವಿಕ್ಟೋರಿಯಾ ಪಾರ್ಕ್ ಪೋಸ್ಟರ್ ಅಸಲಿಯಲ್ಲ

1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕ್‌ನಲ್ಲಿ ನಡೆದ ‘ರಾಕ್ ಅಗೇನ್ಸ್ಟ್ ರೇಸಿಸಂ’ (ಜನಾಂಗೀಯ ದ್ವೇಷದ ವಿರುದ್ಧ ರಾಕ್ ಸಂಗೀತ) ಚಳವಳಿಯ ಕಾರ್ಯಕ್ರಮದ ಪೋಸ್ಟರ್ ಮಾರಾಟಕ್ಕಿದೆ, ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು ಅಂತ ಕೇಳಿದ್ದೆ. ಭೂತಗನ್ನಡಿ ಹಿಡಿದು ನೋಡಿ ಎಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಅಂಗಡಿಗೇ ಹೋಗಿ ನೋಡಿದೆ. ದಪ್ಪ ಅಕ್ಷರಗಳ ಅಂಚಿನಲ್ಲೆಲ್ಲ ಸಣ್ಣ ಸಣ್ಣ ಬಣ್ಣದ ಚುಕ್ಕಿ; ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ಹೀಗಾಗುತ್ತದೆ. ಅದಕ್ಕಿಂತ ಖಚಿತವಾದ ಸುಳಿವು ನಡುವಿನ ಮಡಿಕೆ ಗೆರೆ: ಕಣ್ಣಿಗೆ ಕಾಣುತ್ತದೆ, ಬೆರಳಾಡಿಸಿದರೆ ಕಾಗದ ನುಣ್ಣಗಿದೆ! ಯಾರೋ ಹಳೆಯ ಪ್ರತಿಯೊಂದನ್ನು ಸ್ಕ್ಯಾನ್ ಮಾಡಿ, ಮಡಿಕೆ ಸಮೇತ ಅಚ್ಚು ಹಾಕಿದ್ದಾರೆ. ಕೊಳ್ಳಲಿಲ್ಲ.

ಹುಡುಕಾಟವಂತೂ ಬಿಡುವುದಿಲ್ಲ. 1976ರಲ್ಲಿ ಇಂಗ್ಲೆಂಡಿನ ರಾಕ್ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಬರ್ಮಿಂಗ್‌ಹ್ಯಾಮ್‌ನ ವೇದಿಕೆಯಿಂದ ವಲಸಿಗರ ವಿರುದ್ಧ ಮಾತಾಡಿದಾಗ, ಅದನ್ನು ಖಂಡಿಸಿ ಪತ್ರಿಕೆಗಳಿಗೆ ಬರೆದ ಒಂದು ಪತ್ರದಿಂದ ಹುಟ್ಟಿದ ಚಳವಳಿ ಇದು. ಎರಡೇ ವರ್ಷದಲ್ಲಿ ಸಾವಿರಾರು ಜನ ಟ್ರಫಾಲ್ಗರ್ ಚೌಕದಿಂದ ಆ ಪಾರ್ಕಿನವರೆಗೆ ಮೆರವಣಿಗೆಯಲ್ಲಿ ನಡೆದರು. ಬಿಳಿಯ ಯುವಕರ ಪಂಕ್ ರಾಕ್ ತಂಡ ದಿ ಕ್ಲ್ಯಾಶ್ ಹಾಡಿದ ವೇದಿಕೆಯಲ್ಲೇ ಕಪ್ಪು ಯುವಕರ ರೆಗ್ಗೆ (ಜಮೈಕಾ ಮೂಲದ ಸಂಗೀತ) ತಂಡ ಸ್ಟೀಲ್ ಪಲ್ಸ್ ಕೂಡ ಹಾಡಿತು. ನನಗೆ ಬೇಕಾಗಿರುವುದು ಆ ದಿನದ್ದೇ ಕಾಗದ.

ಸದ್ಯ ಅಂದಿನ ಕರಪತ್ರ, ಬ್ಯಾಡ್ಜ್‌ಗಳನ್ನೂ ಹುಡುಕುತ್ತಿದ್ದೇನೆ. ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ.