ಅಜ್ಜನ ಜೋಡಿ ಕೋವಿ: 70 ಎಂಎಂ ತೋಟಾ ಸಲೀಸಾಗಿ ಕೂರುತ್ತದೆ, ಖಾಲಿ ಕೇಸ್ ಮಾತ್ರ ಹೊರಗೆ ಬರುತ್ತಿಲ್ಲ

ಚಿಂಚವಾಡದ ಶಿರಸಿಯವ

ನಮಸ್ಕಾರ. ಊರು ಶಿರಸಿ ಕಡೆ, ಹತ್ತು ವರ್ಷದಿಂದ ಪುಣೆಯಲ್ಲಿದ್ದೇನೆ. ಅಜ್ಜನ 12 ಬೋರ್ ಜೋಡಿ ಕೋವಿ ಅಪ್ಪ ಹೋದ ಮೇಲೆ ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂತು. ಇಂಗ್ಲೆಂಡಿನದು, ತುಂಬಾ ಹಳೆಯದು.

70 ಎಂಎಂ ತೋಟಾ 25 ತಂದು, ರೇಂಜಿನಲ್ಲಿ ಮೂರು ಈಡು ಹಾರಿಸಿದೆ. ತುಂಬುವಾಗ ಬೆರಳಲ್ಲಿ ಒತ್ತಿದರೆ ಸಾಕು, ಜಾರಿಕೊಂಡು ಕೂರುತ್ತದೆ. ಹಾರಿಸಿದ ಮೇಲೆ ಖಾಲಿ ಕೇಸನ್ನು ಉಗುರಿನಿಂದ ಕೀಳಬೇಕು. ಮೂರನೆಯದರ ಬಾಯಿ ಹರಿದು ಎಳೆ ಎಳೆಯಾಗಿದೆ. ಒದೆತವೂ ಜಾಸ್ತಿ, ಭುಜ ಕಪ್ಪಾಗಿದೆ. ಚೇಂಬರಿಗೆ, ಅಂದರೆ ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗಕ್ಕೆ, ಎಣ್ಣೆ ಹಚ್ಚಿದರೆ ಸರಿಹೋಗುತ್ತದಾ?

ಖಡಕಿ ಕಾಕಾ

ಉಳಿದ 22 ತೋಟಾ ಮುಟ್ಟಬೇಡಿ. ಎಣ್ಣೆಯಿಂದ ಹೋಗುವ ತೊಂದರೆ ಅಲ್ಲ ಇದು.

ತೋಟಾ ಮೇಲೆ ಬರೆದಿರುವ 70 ಎಂಎಂ ಅಂದರೆ ಹಾರಿಸಿದ ಮೇಲೆ, ಮಡಚಿದ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ತುಂಬುವಾಗ ಅದು ಅದಕ್ಕಿಂತ ಗಿಡ್ಡ ಇರುತ್ತದೆ. ಅದಕ್ಕೇ 65 ಎಂಎಂ ಚೇಂಬರಿನಲ್ಲೂ ಆರಾಮಾಗಿ ಕೂರುತ್ತದೆ. ಕೂತಿತು ಅಂದಮಾತ್ರಕ್ಕೆ ಹೊಂದಿತು ಅಂತ ಅಲ್ಲ. ಈಡು ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ, ಚೇಂಬರಿನ ಮುಂದೆ ನಳಿಗೆ ಕಿರಿದಾಗುವ ಕಡೆ ಹೋಗಿ ಒತ್ತಿಕೊಳ್ಳುತ್ತದೆ. ಚರೆಯೂ ವ್ಯಾಡೂ (ಮದ್ದಿಗೂ ಚರೆಗೂ ನಡುವಿನ ಬಿಲ್ಲೆ) ಆ ಇಕ್ಕಟ್ಟಿನಲ್ಲೇ ನುಗ್ಗಬೇಕು. ಒತ್ತಡ ಏರುತ್ತದೆ. ಹರಿದ ಬಾಯಿ, ಕಚ್ಚಿಕೊಂಡ ಕೇಸ್, ಭುಜದ ನೋವು, ಮೂರೂ ಅದನ್ನೇ ಹೇಳುತ್ತಿವೆ.

ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ನಳಿಗೆ ಬಿಚ್ಚಿ. ಅಡಿಯ ಚಪ್ಪಟೆ ಜಾಗದಲ್ಲಿ ಪ್ರೂಫ್ ಗುರುತು, ಅಂದರೆ ನಳಿಗೆ ಪರೀಕ್ಷೆ ಮಾಡಿ ಒತ್ತಿದ ಮುದ್ರೆಗಳು, ಇರುತ್ತವೆ. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರಿಂದಲೂ ಇದೆ, ಹಾಗಾಗಿ ಎಷ್ಟು ಹಳೆಯ ಕೋವಿಯಾದರೂ ಏನಾದರೂ ಸಿಗಬಹುದು. 2½ ಅಂತ ಇದ್ದರೆ ಎರಡೂವರೆ ಇಂಚು ಚೇಂಬರ್, ಸರಿಯಾಗಿ ಲೆಕ್ಕ ಹಾಕಿದರೆ 63.5, ಆದರೆ ರೂಢಿಯಲ್ಲಿ 65 ಎಂಎಂ ಅನ್ನುತ್ತಾರೆ. ಗುರುತೇ ಇಲ್ಲದಿದ್ದರೆ ಅಳೆಸಲೇಬೇಕು. ನಳಿಗೆ ಮೈಮೇಲೆ ಅಲೆ ಅಲೆಯಾಗಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಅಂದರೆ ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದ ನಳಿಗೆ. ಅಂಥವು ಹೆಚ್ಚಿನವು ಕಪ್ಪು ಮದ್ದಿನ ಕಾಲದವು. ಇವತ್ತಿನ ತೋಟಾ ಅದಕ್ಕೆ ಹಾಕಲೇಬೇಡಿ.

ಚಿಂಚವಾಡದ ಶಿರಸಿಯವ

ಸುರುಳಿ ಗೆರೆ ಇಲ್ಲ. 2½ ಇದೆ! ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ ಮೇಲೆ ಕಂಡಿತು.

ಇನ್ನೊಂದು ವಿಷಯ. ಅಜ್ಜನ ಬಟ್ಟೆ ಚೀಲದ ತಳದಲ್ಲಿ ಎರಡು ಹಳದಿ ತೋಟಾ ಸಿಕ್ಕವು. ಉಳಿದವಕ್ಕಿಂತ ಸ್ವಲ್ಪ ಸಪೂರ. ಹಿತ್ತಾಳೆ ಮೇಲೆ 20 ಅಂತಿದೆ. ಇವು ನಡೆಯುತ್ತವಾ?

ಖಡಕಿ ಕಾಕಾ

ಇಲ್ಲ. ದಯವಿಟ್ಟು ಈಗಲೇ ಅವನ್ನು ಆ ಚೀಲದಿಂದ ತೆಗೆದು ಬೇರೆ ಇಡಿ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಬೋರ್ ನಂಬರ್ ದೊಡ್ಡದಾದಷ್ಟೂ ನಳಿಗೆ ಸಣ್ಣದು. 12 ಬೋರ್ ಸುಮಾರು 18.5 ಎಂಎಂ, 20 ಬೋರ್ 15.6. 12ರ ಕೋವಿಗೆ 20ರ ತೋಟಾ ಹಾಕಿದರೆ ಅದು ನಿಲ್ಲುವುದಿಲ್ಲ, ಒಳಗೆ ಜಾರಿ ಆ ಕಿರಿದಾದ ಕಡೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ ಅನ್ನಿಸುತ್ತದೆ. ಹಾಕಿಲ್ಲವೇನೋ ಅಂತ ಸರಿಯಾದ 12ರ ತೋಟಾ ತುಂಬಿ ಹಾರಿಸಿದರೆ ಮುಂದಿನ ತೋಟಾಕ್ಕೆ ಬಡಿದು ನಳಿಗೆ ಸಿಡಿಯುತ್ತದೆ. ಸಿಡಿಯುವುದು ಎಡಗೈ ಹಿಡಿದಿರುವ ಜಾಗದಲ್ಲೇ.

ನಮ್ಮ ಸೋದರಮಾವನಿಗೆ ಜೋಯಿಡಾದಲ್ಲಿ ಆದದ್ದು ಇದೇ. ಗದ್ದೆಗೆ ಹಂದಿ ಬರುತ್ತಿದ್ದ ಕಾಲ, ರಾತ್ರಿ ಕತ್ತಲಲ್ಲಿ ಜೇಬಿಗೆ ಕೈ ಹಾಕಿ ತೋಟಾ ತುಂಬಿದ್ದರು. ಎಡಗೈಯ ಎರಡು ಬೆರಳು ಹೋದವು. ಬೆಳಿಗ್ಗೆ ಬದುವಿನ ಮೇಲೆ ಆ ಕೋವಿ ನಾನೇ ನೋಡಿದೆ. ನಳಿಗೆ ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಮೂರು ಪಟ್ಟಿಯಾಗಿ ಬಿಚ್ಚಿಕೊಂಡಿತ್ತು. ಒಳಗೆ ಚಪ್ಪಟೆಯಾದ ಹಿತ್ತಾಳೆ ಚೂರು, ಅದರ ಮೇಲೆ 20.

20 ಬೋರಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದೇ ಈ ಅನಾಹುತ ತಪ್ಪಿಸಲು. ಆದರೂ ಬಣ್ಣ ನಂಬಬೇಡಿ, ಹಿತ್ತಾಳೆ ಮೇಲಿನ ನಂಬರ್ ಓದಿ. ಜೇಬಿನಲ್ಲಿ ಒಂದೇ ಬೋರ್ ಇರಲಿ. ಮತ್ತೆ, ಲೈಸೆನ್ಸಿನಲ್ಲಿ ಇಲ್ಲದ ಬೋರಿನ ತೋಟಾ ಮನೆಯಲ್ಲಿ ಇಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ಠಾಣೆಗೆ ಮೊದಲು ಫೋನ್ ಮಾಡಿ, ಕೇಳಿ, ಒಪ್ಪಿಸಿ, ರಸೀದಿ ತಗೊಳ್ಳಿ.

ಪೊಂಡಾ ನಿವಾಸಿ

ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಗೋವಾದಲ್ಲಿ ಮಳೆಗಾಲ ಕಳೆದು ಕೋವಿ ತೆಗೆದಾಗ ನಳಿಗೆಯೊಳಗೆ ಕಣಜದ ಮಣ್ಣಿನ ಗೂಡು ಕಂಡಿದ್ದೇನೆ. ಅಷ್ಟು ಮಣ್ಣು ಸಾಕು ನಳಿಗೆ ಉಬ್ಬಲು. ಹಾಗೇ, ಈಡು ಢಂ ಅನ್ನದೆ ಪುಸ್ ಅಂದರೆ ಎರಡನೆಯದು ಹಾರಿಸಬಾರದು. ವ್ಯಾಡ್ ಒಳಗೇ ಉಳಿದಿರುತ್ತದೆ. ಟ್ರಿಗರ್ ಒತ್ತಿಯೂ ಹಾರಲೇ ಇಲ್ಲ ಅಂದರೆ ತಕ್ಷಣ ತೆರೆಯಬೇಡಿ. ಕೋವಿಯ ಬಾಯಿ ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯಿರಿ, ತಡವಾಗಿ ಹಾರುವುದೂ ಉಂಟು.

ಚಿಂಚವಾಡದ ಶಿರಸಿಯವ

ಹಳದಿ ಎರಡೂ ಠಾಣೆಗೆ ಕೊಟ್ಟೆ, ರಸೀದಿ ಸಿಕ್ಕಿತು. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಅಳೆಸಿದೆ, ಚೇಂಬರ್ 65 ಎಂಎಂ. ಆಮೇಲೆ ಅವರು ಬಿಚ್ಚಿದ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಲು ಹೇಳಿದರು. ಬಲಗಡೆಯದು ಕನ್ನಡಿ ಹಾಗೆ. ಎಡಗಡೆಯದರಲ್ಲಿ ಮಧ್ಯಕ್ಕೆ ಬಳೆಯಂಥ ಒಂದು ಕಪ್ಪು ನೆರಳು. ಹೊರಗಿನಿಂದ ಬೆರಳಾಡಿಸಿದರೆ ಸಣ್ಣ ಉಬ್ಬು ಸಿಗುತ್ತದೆ. ಯಾವತ್ತೋ ಏನೋ ಅಡ್ಡ ಸಿಕ್ಕಿ ಉಬ್ಬಿದ್ದು ಅಂದರು. ನಾನು ಹಾರಿಸಿದ ಮೂರರಲ್ಲಿ ಎರಡು ಎಡಗಡೆಯವೇ. ಬಲ ನಳಿಗೆಯಲ್ಲಿ ಮಾತ್ರ 65ರ ತೋಟಾ ಹಾರಿಸಬಹುದಾ?

ಖಡಕಿ ಕಾಕಾ

ಬೇಡ. ಎರಡೂ ನಳಿಗೆ ಒಂದಕ್ಕೊಂದು ಬೆಸೆದಿವೆ, ಗಡಿಬಿಡಿಯಲ್ಲಿ ಬೆರಳು ತಪ್ಪು ಟ್ರಿಗರ್ ಮೇಲೆ ಹೋಗುತ್ತದೆ. ಉಬ್ಬು ಬಡಿದು ಸಮ ಮಾಡಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಸಮ ಆಗಬಹುದು, ಆದರೆ ಅಲ್ಲಿ ಉಕ್ಕು ಎಳೆದು ತೆಳುವಾಗಿದೆ. ಅಜ್ಜನ ನೆನಪಿಗೆ ಎಣ್ಣೆ ಒರೆಸಿ ಬೀಗ ಹಾಕಿ ಇಡಿ. ಉಳಿದ 22 ತೋಟಾ ಅಂಗಡಿಯವರು ವಾಪಸ್ ತಗೊಳ್ಳುತ್ತಾರಾ ಕೇಳಿ, ಲೈಸೆನ್ಸ್ ಪುಸ್ತಕ ಜೊತೆಗೇ ಒಯ್ಯಿರಿ.