ಅಮ್ಮನ ಜೊತೆ ಕುದುರೆಮುಖ: ಯಾವ ತಿಂಗಳು ಒಳ್ಳೇದು?

ಪ್ರಶ್ನೆ: ಅಮ್ಮನಿಗೆ 58. ದಿನಾ ಐದು ಕಿಲೋಮೀಟರ್ ನಡೆಯುತ್ತಾರೆ, ಆದರೆ ಬೆಟ್ಟ ಹತ್ತಿ ಅಭ್ಯಾಸವಿಲ್ಲ. ಜುಲೈನಲ್ಲಿ ಕುದುರೆಮುಖಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಹೋಗಿಬಂದವರು ನಿಮ್ಮ ಅನುಭವ ಹೇಳಿ.

*

ಜುಲೈ ಬೇಡ. ನಾನು ಒಮ್ಮೆ ಜುಲೈನಲ್ಲಿ, ಇನ್ನೊಮ್ಮೆ ಅಕ್ಟೋಬರ್ ಕೊನೆಗೆ ಹೋಗಿದ್ದೇನೆ. ಎರಡೂ ಒಂದೇ ಬೆಟ್ಟ ಅಂತ ನಂಬುವುದೇ ಕಷ್ಟ.

ಚಾರಣ ಶುರುವಾಗುವ ಮುಳ್ಳೋಡಿಯಿಂದ ತುದಿಗೆ ಹೋಗಿಬರಲು ಸುಮಾರು 20 ಕಿಲೋಮೀಟರ್. ದಾರಿಯಲ್ಲಿ ಹಳ್ಳಗಳು ಅಡ್ಡ ಬರುತ್ತವೆ. ಜುಲೈನಲ್ಲಿ ಬೆಳಿಗ್ಗೆ ಮೊಣಕಾಲು ಮಟ್ಟ ಇದ್ದ ಹಳ್ಳ, ನಾವು ವಾಪಸ್ ಬರುವ ಹೊತ್ತಿಗೆ ತೊಡೆ ಮುಟ್ಟಿತ್ತು. ನಾವಿದ್ದ ಜಾಗದಲ್ಲಿ ಮಳೆ ಬಿಟ್ಟೇ ಒಂದು ಗಂಟೆಯಾಗಿತ್ತು, ನೀರು ಬಂದಿದ್ದು ಮೇಲಿಂದ. ಗೈಡ್ ನಡುವೆ ನಿಂತು ಒಬ್ಬೊಬ್ಬರನ್ನೇ ಕೈ ಹಿಡಿದು ದಾಟಿಸಿದರು. ತುದಿಯಲ್ಲಿ ನಾನು ಕಂಡ ದೃಶ್ಯ ಅಂದರೆ ಮುಂದಿದ್ದವನ ಹಳದಿ ರೈನ್‌ಕೋಟ್. ಅಷ್ಟೇ.

ಅಕ್ಟೋಬರ್‌ನಲ್ಲಿ ಹುಲ್ಲು ಇನ್ನೂ ಹಸಿರಾಗಿತ್ತು, ಮಂಜು ಬಂದು ಹೋಗುತ್ತಿತ್ತು. ಗುಡ್ಡಗಳ ಮಡಿಕೆಯಲ್ಲಿ ಮಾತ್ರ ಕಾಡು, ಉಳಿದದ್ದೆಲ್ಲ ಬೋಳು ಹುಲ್ಲು. ಈ ಮಡಿಕೆಯ ಕಾಡಿಗೇ ಶೋಲಾ ಅನ್ನುವುದು ಅಂತ ನನಗೆ ಆಗಲೇ ಗೊತ್ತಾಗಿದ್ದು. ಒಳಗೆ ಕಾಲಿಟ್ಟರೆ ಮಧ್ಯಾಹ್ನವೂ ತಂಪು, ಹೊರಗೆ ಬಂದರೆ ನೆರಳೇ ಇಲ್ಲ. ಟೋಪಿ ಮರೆಯಬೇಡಿ.

*

ಕಳಸದ ಕಡೆಯವಳು ನಾನು. ಮಳೆಗಾಲ ಅಂದಮೇಲೆ ಇಂಬಳದ ಮಾತು ಬರಲೇಬೇಕು ಅಲ್ವಾ? ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಸಂಜೆ ಸಾಕ್ಸ್ ಬಿಚ್ಚಿದಾಗ ರಕ್ತ ನೋಡಿ ಹೆದರುತ್ತಾರೆ. ಅದರ ಜೊಲ್ಲಿಗೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಸೋರುತ್ತಲೇ ಇರುತ್ತದೆ. ಒತ್ತಿ ಹಿಡಿದರೆ ಸಾಕು. ನಮ್ಮಲ್ಲಿ ತೋಟಕ್ಕೆ ಹೋಗುವಾಗ ಹೊಗೆಸೊಪ್ಪು, ಸುಣ್ಣ ಕಾಲಿಗೆ ಹಚ್ಚುತ್ತಾರೆ. ಆದರೆ ಹಳ್ಳ ದಾಟಿದ ಕೂಡಲೇ ತೊಳೆದುಹೋಗುತ್ತದೆ. ನಿಂತು ಫೋಟೋ ತೆಗೆಯುವವರಿಗೇ ಜಾಸ್ತಿ ಹತ್ತುವುದು. ನಡೀತಾ ಇರಿ.

ಡಿಸೆಂಬರ್, ಜನವರಿಯೂ ಚೆನ್ನ. ಹುಲ್ಲು ಹಳದಿಯಾಗಿರುತ್ತದೆ, ಆಕಾಶ ಸ್ವಚ್ಛ. ಅದಾದ ಮೇಲೆ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ಕೇಳಿಕೊಂಡೇ ಹೊರಡಿ.

*

ಒಂದು ಎಚ್ಚರಿಕೆ. ಮ್ಯಾಪ್‌ನಲ್ಲಿ ಸುಮ್ನೆ ‘ಕುದುರೆಮುಖ’ ಅಂತ ಹಾಕಿದರೆ ಹಳೇ ಗಣಿ ಊರಿಗೆ ಹೋಗಿ ನಿಲ್ಲುತ್ತೀರಿ. ನಾವು ಹಾಗೇ ಆಗಿ, ಬೆಳಗಿನ ಹೊತ್ತು ಕಳೆದುಕೊಂಡೆವು. ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು, ಊರು ಈಗ ಭಣಭಣ. ನೀವು ಹೋಗಬೇಕಾದ್ದು ಸಂಸೆ ಕಡೆಗೆ. ಅಲ್ಲಿಂದ ಮುಳ್ಳೋಡಿಗೆ ಜೀಪ್. ಆ ರಸ್ತೆಯಲ್ಲಿ ಅಮ್ಮನನ್ನು ಮುಂದೆ ಕೂರಿಸಿ, ಹಿಂದೆ ಕೂತರೆ ಸೊಂಟ ಹೋಯಿತು ಅಂತಲೇ ಲೆಕ್ಕ.

ಪರವಾನಗಿ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರ ಬೇಗ ತುಂಬುತ್ತದೆ. ಗೈಡ್ ಕಡ್ಡಾಯ. ಮೇಲೆ ಟೆಂಟ್ ಹಾಕಲು ಬಿಡುವುದಿಲ್ಲ, ಸಂಜೆಯೊಳಗೆ ಇಳಿಯಬೇಕು.

ಅಮ್ಮ ಪೂರ್ತಿ ಹತ್ತಲೇಬೇಕು ಅಂತ ಹಟ ಬೇಡ. ದಾರಿಯಲ್ಲಿ ಸಿಗುವ ‘ಒಂಟಿ ಮರ’ ಅನ್ನೋ ಜಾಗದವರೆಗೆ ಹೋಗಿ ಕೂತರೂ ಕಣಿವೆ ಕಾಣುತ್ತದೆ. ಎಲ್ಲಿಂದ ವಾಪಸ್ ಬರಬಹುದು ಅಂತ ಗೈಡ್ ಹತ್ತಿರ ಹೊರಡುವ ಮೊದಲೇ ಮಾತಾಡಿಕೊಳ್ಳಿ. ನನ್ನ ಅತ್ತೆ ಹತ್ತುವಾಗ ನಮಗಿಂತ ಮುಂದಿದ್ದರು, ಇಳಿಯುವಾಗ ಮಂಡಿ ಹಿಡಿದುಕೊಂಡಿತು. ಕೊನೆಯ ಎರಡು ಕಿಲೋಮೀಟರ್‌ಗೆ ಎರಡು ಗಂಟೆ. ಒಂದು ಗಟ್ಟಿ ಕೋಲು ಕೊಡಿಸಿ.